ಉರ್ಸುಲಾ ಲೆ ಗ್ವಿನ್: ಒಬ್ಬರೇ ಲೇಖಕಿ, ಪುಸ್ತಕಕ್ಕೊಂದು ದನಿ

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ನಾಲ್ಕು ಪುಸ್ತಕ ತಗೊಂಡು, ಮೇಲಿನ ಹೆಸರು ಮುಚ್ಚಿ ಓದಲು ಕೊಟ್ಟರೆ, ನಾಲ್ಕನ್ನೂ ಬರೆದವರು ಒಬ್ಬರೇ ಎಂದು ಹೇಳುವುದು ಕಷ್ಟ. ಒಂದರಲ್ಲಿ ಹಳೇ ಕಾಲದ ಕಥೆ ಹೇಳುವವರ ಗತ್ತು ಇದೆ. ಇನ್ನೊಂದರಲ್ಲಿ ಕತ್ತಲಲ್ಲಿ ಗೋಡೆ ತಡವುತ್ತಾ ನಡೆಯುವ ಹುಡುಗಿಯ ಜೊತೆ ನಾವೂ ನಡೆಯುತ್ತೇವೆ. ಮೂರನೆಯದು ವರದಿ, ದಿನಚರಿ, ದಂತಕಥೆ ಎಲ್ಲ ಸೇರಿಸಿ ಕಟ್ಟಿದ ಕಡತ. ನಾಲ್ಕನೆಯದರಲ್ಲಿ ಮ್ಯಾಜಿಕ್ಕೇ ಕಡಿಮೆ. ಆಡು, ಒಲೆ, ಪಾತ್ರೆ, ಮಗುವಿನ ಆರೈಕೆ ಇವೇ ಜಾಸ್ತಿ.

ದಾವಣಗೆರೆಯಲ್ಲಿ ಭಾನುವಾರ ಸೇರುವ ನಮ್ಮ ಓದುಗರ ಗುಂಪಿನಲ್ಲಿ ಈ ತಕರಾರು ಬೇಗನೇ ಎದ್ದಿತು. ಡಿಗ್ರಿ ಓದುವ ಹುಡುಗಿಯೊಬ್ಬಳು ಅವರ ಅರ್ಥ್‌ಸೀ ಸರಣಿಯ ಮೊದಲ ಪುಸ್ತಕ ಮೆಚ್ಚಿಕೊಂಡು ಎರಡನೆಯದನ್ನು ಒಯ್ದಿದ್ದಳು. ಮುಂದಿನ ವಾರ ಬಂದವಳೇ, "ಮೇಡಂ, ಇದು ಬ್ಯಾರೆ ಯಾರೋ ಬರ್ದಂಗೈತಲ್ಲ?" ಎಂದಳು. ಅವಳ ದನಿಯಲ್ಲಿ ಸ್ವಲ್ಪ ಬೇಜಾರಿತ್ತು. ಆದರೆ ಲೆ ಗ್ವಿನ್ ಅವರನ್ನು ಓದಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಈ ಬರಹ ಅದಕ್ಕೆ ಉತ್ತರ.

ದುರ್ಗದ ಕಡೆಯ ಓದುಗರಿಗೆ ಇಂಥ ಲೇಖಕರು ಹೊಸಬರೇನಲ್ಲ. ತ.ರಾ.ಸು. ಅವರನ್ನೇ ನೆನಪಿಸಿಕೊಳ್ಳಿ. 'ದುರ್ಗಾಸ್ತಮಾನ' ಬರೆದ ಕೈಯೇ 'ನಾಗರಹಾವು' ಬರೆದದ್ದು. ಒಂದರಲ್ಲಿ ಮದಕರಿ ನಾಯಕನ ದುರ್ಗ, ಅರಮನೆ, ಮುತ್ತಿಗೆ. ಇನ್ನೊಂದರಲ್ಲಿ ಅದೇ ಊರು, ಆದರೆ ಕಾಲೇಜು ಹುಡುಗ, ಮೇಷ್ಟ್ರು, ಬೀದಿ. ಊರು ಒಂದೇ ಆದರೂ ಮಾತಿನ ನಡೆ ಬದಲಾಗಿದೆ. ನಾವದನ್ನು ಸಹಜವಾಗಿ ಒಪ್ಪಿಕೊಂಡಿದ್ದೇವೆ, ಅಲ್ವಾ? ಅದೇ ಕಿವಿಯನ್ನು ಇಟ್ಟುಕೊಂಡು ಲೆ ಗ್ವಿನ್ ಹತ್ತಿರ ಹೋದರೆ ಅರ್ಧ ಕಷ್ಟ ಕಳೆಯಿತು.

ಅವರು ಹುಟ್ಟಿದ್ದು 1929ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ತೀರಿಕೊಂಡದ್ದು 2018ರ ಜನವರಿಯಲ್ಲಿ, ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಅಪ್ಪ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ. ಅಮೆರಿಕದ ಮೂಲನಿವಾಸಿಗಳ ಭಾಷೆ, ಕಥೆ, ಆಚಾರಗಳನ್ನು ಬರೆದಿಡುವುದು ಅವರ ಕೆಲಸ. ಯಾಹಿ ಎಂಬ ಬುಡಕಟ್ಟಿನ ಕೊನೆಯವನು ಒಬ್ಬನೇ ಉಳಿದು, 1911ರಲ್ಲಿ ಕಾಡಿನಿಂದ ಊರಿಗೆ ಬಂದ. ಅವನನ್ನು ಹತ್ತಿರದಿಂದ ಬಲ್ಲವರಲ್ಲಿ ಕ್ರೋಬರ್ ಒಬ್ಬರು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಆ ಜನರಲ್ಲಿ ಇಲ್ಲದ್ದು. ಹೆಸರು ಹೇಳಿ ಪರಿಚಯಿಸಲು ಅವನವರು ಯಾರೂ ಬದುಕಿರಲಿಲ್ಲ. ಹಾಗಾಗಿ ಅವನ ನಿಜವಾದ ಹೆಸರು ಯಾರಿಗೂ ತಿಳಿಯಲೇ ಇಲ್ಲ. ಇಶಿ ಎಂದು ಕರೆದರು, ಅಷ್ಟೇ. ಅವನು ಸತ್ತ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವರು ಉರ್ಸುಲಾ. ಆದರೆ ಅವರ ಅಮ್ಮ ಥಿಯೊಡೋರಾ ಕ್ರೋಬರ್ 1961ರಲ್ಲಿ ಇಶಿಯ ಬದುಕಿನ ಬಗ್ಗೆಯೇ ಪುಸ್ತಕ ಬರೆದರು. ಜನರ ಬಾಯಲ್ಲಿರುವ ಕಥೆಯನ್ನು ಗೌರವದಿಂದ ಕೇಳುವ ಮನೆ ಅದು. ಬೇರೆ ಬೇರೆ ದನಿ ಕೇಳುವ ಕಿವಿ ಉರ್ಸುಲಾಗೆ ಅಲ್ಲೇ ಬಂತು ಎಂದು ನನ್ನ ನಂಬಿಕೆ.

ಈಗ ಮುಖ್ಯ ವಿಷಯ. 1973ರಲ್ಲಿ ಲೆ ಗ್ವಿನ್ ಫ್ಯಾಂಟಸಿ, ಅಂದರೆ ಕಲ್ಪನೆಯ ಲೋಕದ ಕಥೆ, ಬರೆಯುವ ಶೈಲಿಯ ಮೇಲೆ ಒಂದು ಪ್ರಬಂಧ ಬರೆದರು. ಅದರಲ್ಲಿ ಒಂದು ಪರೀಕ್ಷೆ ಇದೆ. ಆ ಕಾಲದ ಒಂದು ಫ್ಯಾಂಟಸಿ ಕಾದಂಬರಿಯಿಂದ ಸಣ್ಣ ಮಾತುಕತೆಯನ್ನು ಎತ್ತಿಕೊಂಡರು. ರಾಜರು, ಮಂತ್ರಿಗಳು ಮಾತಾಡುವ ಜಾಗ ಅದು. ನಾಲ್ಕೈದು ಹೆಸರು ಬದಲಿಸಿ, ಜಾಗವನ್ನು ಇಂದಿನ ವಾಷಿಂಗ್ಟನ್ ಮಾಡಿದರು. ಉಳಿದದ್ದನ್ನು ಮುಟ್ಟಲಿಲ್ಲ. ಓದಿದರೆ ಅದು ರಾಜಕಾರಣಿಗಳ ಬಗ್ಗೆ ಬರೆದ ಮಾಮೂಲಿ ಕಾದಂಬರಿಯ ಪುಟವೇ ಆಗಿತ್ತು! ಅಂದರೆ ಕಿರೀಟ, ಕತ್ತಿ, ಕುದುರೆ ಎಲ್ಲ ಮೇಲೆ ಹೊದಿಸಿದ ಬಟ್ಟೆ. ಒಳಗೆ ಇರುವುದು ಆಫೀಸಿನ ಮಾತು.

ಅವರ ವಾದ ಹೀಗೆ. ನಮ್ಮ ಊರಿನ ಕಥೆ ಬರೆಯುವವರಿಗೆ ಊರು ಮೊದಲೇ ಇದೆ. ದಾವಣಗೆರೆಯ ಅಶೋಕ ರಸ್ತೆ ಅಂದರೆ ಸಾಕು, ಓದುಗರ ಕಣ್ಣಿಗೆ ಗದ್ದಲ ಕಾಣುತ್ತದೆ. ಫ್ಯಾಂಟಸಿ ಬರೆಯುವವರಿಗೆ ಆ ಸಹಾಯ ಇಲ್ಲ. ಆ ಲೋಕ ಎಲ್ಲೂ ಇಲ್ಲ. ಅದು ಇರುವುದು ಅವರು ಬರೆದ ವಾಕ್ಯದಲ್ಲಿ ಮಾತ್ರ. ವಾಕ್ಯ ಸಡಿಲವಾದರೆ ಲೋಕವೇ ಸಡಿಲ. ಅದಕ್ಕೇ ಫ್ಯಾಂಟಸಿಯಲ್ಲಿ ಶೈಲಿ ಒಡವೆಯ ಲೆಕ್ಕದ್ದಲ್ಲ, ಲೋಕ ನಿಂತಿರುವುದೇ ಅದರ ಮೇಲೆ.

ಈ ಮಾತನ್ನು ಒಪ್ಪಿದರೆ ಮುಂದಿನದು ತಾನಾಗಿ ಬರುತ್ತದೆ. ಲೋಕ ಬದಲಾದರೆ ವಾಕ್ಯ ಬದಲಾಗಲೇಬೇಕು. ಹೇಳುವವರು ಬದಲಾದರೂ ಅಷ್ಟೇ. ಲೆ ಗ್ವಿನ್ ಅವರ ಬಹುಮುಖ ಪ್ರತಿಭೆ ಅಂತ ಸುಮ್ನೆ ಹೊಗಳುವವರು ಅವರು ಮುಟ್ಟಿದ ವಿಷಯಗಳ ಪಟ್ಟಿ ಕೊಡುತ್ತಾರೆ: ಫ್ಯಾಂಟಸಿ, ವಿಜ್ಞಾನ ಕಥೆ, ಕವಿತೆ, ಮಕ್ಕಳ ಪುಸ್ತಕ, ಪ್ರಬಂಧ. ಪಟ್ಟಿ ಸರಿಯೇ. ಆದರೆ ನಿಜವಾದ ಕಸುಬು ಬೇರೆ ಕಡೆ ಇದೆ. ಈ ಕಥೆಯನ್ನು ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ, ಅವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಅವರು ಮೊದಲು ಇತ್ಯರ್ಥ ಮಾಡಿಕೊಳ್ಳುತ್ತಾರೆ. ವಾಕ್ಯ ಅದರ ಹಿಂದೆ ಬರುತ್ತದೆ.

'ಎ ವಿಝರ್ಡ್ ಆಫ್ ಅರ್ಥ್‌ಸೀ' ಬಂದದ್ದು 1968ರಲ್ಲಿ. ಹದಿಹರೆಯದವರಿಗೆ ಒಂದು ಪುಸ್ತಕ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದ್ದರಿಂದ ಬರೆದದ್ದು. ಅರ್ಥ್‌ಸೀ ಅಂದರೆ ನೂರಾರು ದ್ವೀಪಗಳ ಲೋಕ. ಮೊದಲ ಪ್ಯಾರಾದಲ್ಲೇ ಕಥೆಗಾರ ಎಲ್ಲ ಹೇಳಿಬಿಡುತ್ತಾನೆ. ಗಾಂಟ್ ಎಂಬ ಬೆಟ್ಟದ ದ್ವೀಪ, ಅಲ್ಲಿ ಹುಟ್ಟಿದ ಒಬ್ಬ ಮಾಂತ್ರಿಕ, ಅವನು ಮುಂದೆ ಡ್ರ್ಯಾಗನ್‌ಗಳ ಜೊತೆ ಮಾತಾಡಬಲ್ಲವನಾದ, ಎಲ್ಲ ಮಾಂತ್ರಿಕರಿಗೂ ಹಿರಿಯನಾದ. ಹೀಗೆ ಗೆಲುವನ್ನು ಮೊದಲೇ ಹೇಳಿ, ಹೆಸರು ಬರುವ ಮುಂಚಿನ ಕಥೆಗೆ ಇಳಿಯುತ್ತಾನೆ. ಹುಡುಗ ಬದುಕುತ್ತಾನೋ ಇಲ್ಲವೋ ಎಂಬ ಆತಂಕವನ್ನು ಲೇಖಕಿ ಬೇಕೆಂದೇ ಕೈಬಿಟ್ಟಿದ್ದಾರೆ. ಹರಿಕಥೆ ಕೇಳಲು ಕೂತವರಿಗೆ ಪ್ರಹ್ಲಾದ ಉಳಿಯುತ್ತಾನೆಂದು ಗೊತ್ತು. ಆದರೂ ಕೂತು ಕೇಳುತ್ತೇವೆ. ಹೇಗೆ ಎಂಬುದೇ ಅಲ್ಲಿ ಮುಖ್ಯ.

ಇಲ್ಲಿ ವಾಕ್ಯಗಳಿಗೆ ಒಂದು ನಡೆ ಇದೆ. ಚಿಕ್ಕ, ಹಳೆಯ, ಗಟ್ಟಿ ಮಾತುಗಳು. ವಿವರಣೆ ಕಡಿಮೆ. ಒಂದು ಋತು ಪೂರ್ತಿ ಎರಡು ಸಾಲಿನಲ್ಲಿ ಕಳೆದುಹೋಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಒಂದು ಕ್ಷಣದ ಮೇಲೆ ಕಥೆ ನಿಲ್ಲುತ್ತದೆ. ಅಂಥ ಒಂದು ಜಾಗ ನೋಡಿ. ಗೆಡ್ ಎಂಬ ಆ ಹುಡುಗ ರೋಕ್ ದ್ವೀಪದ ಮಾಂತ್ರಿಕರ ಶಾಲೆ ಸೇರಿದ್ದಾನೆ. ಒಬ್ಬ ಗುರು ಬೆಣಚುಕಲ್ಲೊಂದನ್ನು ವಜ್ರದ ಹಾಗೆ ಕಾಣಿಸುತ್ತಾನೆ. ಹುಡುಗ ಕೇಳುತ್ತಾನೆ: ಇದು ವಜ್ರವಾಗಿಯೇ ಉಳಿಯಬೇಕಾದರೆ ಏನು ಮಾಡಬೇಕು? ಗುರುವಿನ ಉತ್ತರದ ಸಾರ ಇಷ್ಟು. ಹಾಗೆ ಮಾಡಬೇಕಾದರೆ ಕಲ್ಲಿನ ನಿಜವಾದ ಹೆಸರನ್ನೇ ಬದಲಿಸಬೇಕು. ಕಲ್ಲಿನ ಹೆಸರು ಬದಲಿಸಿದರೆ ಲೋಕವೇ ಬದಲಾಗುತ್ತದೆ. ಅದರಿಂದ ಏನು ಒಳ್ಳೆಯದು, ಏನು ಕೆಟ್ಟದ್ದು ಆಗುತ್ತದೆಂದು ತಿಳಿಯುವ ತನಕ ಒಂದು ಮರಳಿನ ಕಣವನ್ನೂ ಮುಟ್ಟಬಾರದು. ಇಷ್ಟು ಹೇಳಿ ಆ ಕಲ್ಲನ್ನು ಮತ್ತೆ ಕಲ್ಲು ಮಾಡುತ್ತಾನೆ. ಕಲ್ಲೂ ಒಳ್ಳೆಯದೇ ಎನ್ನುತ್ತಾನೆ. ಹುಡುಗನಿಗೆ ಅದು ರುಚಿಸುವುದಿಲ್ಲ. ಮುಂದೆ ಜಂಭಕ್ಕೆ ಬಿದ್ದು, ಸತ್ತವರ ಆತ್ಮ ಕರೆಯಲು ಹೋಗಿ, ಒಂದು ಕರಿನೆರಳನ್ನು ಲೋಕಕ್ಕೆ ಬಿಡುತ್ತಾನೆ. ಉಳಿದ ಕಾದಂಬರಿ ಪೂರ್ತಿ ಅದರ ಬೆಲೆ ತೆರುವ ಕಥೆ.

ಹೆಸರಿನ ಈ ಮಾತು ಅರ್ಥ್‌ಸೀಯ ಜೀವ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಊರಿಗೆ ಗೊತ್ತಿರುವುದು ಒಂದು. ನಿಜವಾದದ್ದು ಇನ್ನೊಂದು. ನಿಜವಾದ ಹೆಸರು ತಿಳಿದವರಿಗೆ ನಮ್ಮ ಮೇಲೆ ಹಿಡಿತ ಸಿಗುತ್ತದೆ. ಹಾಗಾಗಿ ಅದನ್ನು ಪ್ರಾಣದಷ್ಟು ನಂಬಿದವರಿಗೆ ಮಾತ್ರ ಹೇಳುತ್ತಾರೆ. ನಮ್ಮ ಕಡೆ ಅಜ್ಜಿಯಂದಿರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಕಾಡಿಸಿದರೆ ಒಡಪಿನೊಳಗೆ ಅಡಗಿಸಿ ಹೇಳುತ್ತಿದ್ದರು. ಹೆಸರು ಆಡಿದರೆ ಏನೋ ಸಂಭವಿಸುತ್ತದೆ ಎಂಬ ಆ ಎಚ್ಚರ ಗೊತ್ತಿದ್ದವರಿಗೆ ಅರ್ಥ್‌ಸೀ ಬೇಗ ಒಗ್ಗುತ್ತದೆ. ಗೆಳೆಯನೊಬ್ಬ ತನ್ನ ನಿಜವಾದ ಹೆಸರನ್ನು ಗೆಡ್‌ಗೆ ಕೇಳದೇ ಕೊಡುವ ಕ್ಷಣವಿದೆ. ಎರಡೇ ಸಾಲು. ಸ್ನೇಹ ಎಂಬ ಮಾತನ್ನು ಎಲ್ಲೂ ಬಳಸದೇ ಸ್ನೇಹವನ್ನು ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ಜಾಸ್ತಿ ಕಂಡಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಗೆಡ್‌ನ ಮೈಬಣ್ಣ ಕೆಂಪುಮಿಶ್ರಿತ ಕಂದು. ಅವನ ಆಪ್ತ ಗೆಳೆಯ ಕಪ್ಪು. ಆ ಲೋಕದಲ್ಲಿ ಬಿಳಿಯರು ಅಂದರೆ ದೂರದ ದ್ವೀಪಗಳಿಂದ ದಾಳಿ ಮಾಡಲು ಬರುವವರು. 1968ರ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಲೇಖಕಿ ಇದನ್ನು ಡಂಗುರ ಸಾರಲಿಲ್ಲ. ಕಥೆಯ ಒಳಗೆ ಸಹಜವಾಗಿ ಇಟ್ಟರು. 2004ರಲ್ಲಿ ಬಂದ ಟಿವಿ ರೂಪದಲ್ಲಿ ಗೆಡ್‌ನನ್ನು ಬಿಳಿಯನನ್ನಾಗಿ ಮಾಡಿದಾಗ ಮಾತ್ರ ಬಹಿರಂಗವಾಗಿಯೇ ಸಿಟ್ಟಾದರು.

ಈಗ ನಮ್ಮ ಗುಂಪಿನ ಹುಡುಗಿ ಬೇಜಾರು ಮಾಡಿಕೊಂಡ ಎರಡನೆಯ ಪುಸ್ತಕಕ್ಕೆ ಬರೋಣ. 'ದಿ ಟೂಂಬ್ಸ್ ಆಫ್ ಅಟುವಾನ್'. ಮೊದಲನೆಯದರಲ್ಲಿ ದೋಣಿ, ಗಾಳಿ, ಕಡಲು, ಹತ್ತಾರು ದ್ವೀಪ ಇದ್ದವು. ಇಲ್ಲಿ ಕಡಲೇ ಇಲ್ಲ. ಮರುಭೂಮಿಯ ನಡುವೆ ಒಂದು ಗುಡಿ, ಕೆಲವು ಪೂಜಾರಿಣಿಯರು, ನೆಲದ ಕೆಳಗೆ ಕತ್ತಲ ಸುರಂಗಗಳ ಚಕ್ರವ್ಯೂಹ. ಟೆನಾರ್ ಎಂಬ ಮಗುವನ್ನು ಅಪ್ಪ ಅಮ್ಮನಿಂದ ಕಿತ್ತು ತಂದು, ಅವಳ ಹೆಸರನ್ನೂ ಕಿತ್ತುಕೊಂಡು, ಕತ್ತಲ ದೇವತೆಗಳ ಪೂಜಾರಿಣಿಯನ್ನಾಗಿ ಮಾಡಿದ್ದಾರೆ. ಕಥಾನಾಯಕನೆಂದು ನಾವು ಕಾಯುವ ಗೆಡ್ ಪುಸ್ತಕದ ನಡುಭಾಗದ ತನಕ ಕಾಣಿಸುವುದೇ ಇಲ್ಲ.

ಸಮಾಧಿಗಳ ಕೆಳಗಿನ ಆ ಗವಿಯಲ್ಲಿ ದೀಪ ಹಚ್ಚುವುದು ನಿಷಿದ್ಧ. ಹಾಗಾಗಿ ಲೇಖಕಿ ಕಣ್ಣಿಗೆ ಸಂಬಂಧಿಸಿದ ಮಾತನ್ನು ಅಲ್ಲಿ ಬಹುತೇಕ ಬಿಟ್ಟುಬಿಡುತ್ತಾರೆ. ಕೈಗೆ ಸಿಕ್ಕುವ ಕಲ್ಲಿನ ನುಣುಪು, ಗಾಳಿಯ ತಂಪು, ಹೆಜ್ಜೆಯ ಸದ್ದು, ಎಷ್ಟನೇ ತಿರುವು ಎಂಬ ಎಣಿಕೆ. ಟೆನಾರ್‌ಗೆ ಆ ಕತ್ತಲು ತನ್ನ ಮನೆ. ಅದು ಪೂರ್ತಿ ತನಗೆ ಗೊತ್ತು ಎಂದು ಅವಳ ಹೆಮ್ಮೆ. ಒಂದು ದಿನ ಒಳಗೆ ಹೋದಾಗ ಅಲ್ಲಿ ಬೆಳಕಿದೆ. ಕಳ್ಳನಂತೆ ನುಗ್ಗಿದ ಒಬ್ಬ ಮಾಂತ್ರಿಕನ ಕೋಲಿನ ತುದಿಯ ಬೆಳಕು. ಆ ಬೆಳಕಿನಲ್ಲಿ ಅವಳಿಗೆ ಆ ಗವಿ ಮೊದಲ ಸಲ ಕಾಣುತ್ತದೆ. ಗೋಡೆ, ಮೇಲ್ಛಾವಣಿ ಎಲ್ಲ ಹರಳುಗಳಿಂದ ಹೊಳೆಯುತ್ತಿದೆ. ಇಷ್ಟು ವರ್ಷ ಕೈಯಿಂದ ಮುಟ್ಟಿ ಬಲ್ಲ ಜಾಗ ಇಷ್ಟು ಚಂದ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಓದುವ ನಮಗೂ ಹಾಗೇ ಆಗುತ್ತದೆ. ಅಷ್ಟು ಪುಟ ಕಣ್ಣು ಕಟ್ಟಿ ನಡೆಸಿ, ಒಂದು ಪ್ಯಾರಾದಲ್ಲಿ ಕಣ್ಣು ಬಿಡಿಸಿದ್ದಾರೆ. ಮೊದಲ ಪುಸ್ತಕದ ಗತ್ತಿನ ದನಿಯಲ್ಲಿ ಇದನ್ನು ಬರೆದಿದ್ದರೆ ಈ ಪೆಟ್ಟು ಬೀಳುತ್ತಿರಲಿಲ್ಲ. ಆ ಕಥೆಗಾರನಿಗೆ ಎಲ್ಲವೂ ಮೊದಲೇ ಗೊತ್ತು. ಇಲ್ಲಿ ಟೆನಾರ್‌ಗೆ ಗೊತ್ತಿಲ್ಲದ್ದು ನಮಗೂ ಗೊತ್ತಾಗಬಾರದು.

ಇದನ್ನು ಗುಂಪಿನಲ್ಲಿ ವಿವರಿಸಲು ನಾವು ಎಲ್ಲರಿಗೂ ಗೊತ್ತಿರುವ ಒಂದು ಕಥೆ ತಗೊಂಡೆವು. ಒನಕೆ ಓಬವ್ವನದು. ಚಿತ್ರದುರ್ಗದಿಂದ ಬಸ್ಸಿಗೆ ಬರುವ ಇಬ್ಬರಿದ್ದಾರೆ. ಅವರಿಗೆ ಆ ಕಿಂಡಿ ಆಡಿ ಬೆಳೆದ ಜಾಗ. ಒಂದೇ ಘಟನೆಯನ್ನು ಮೂರು ಕಡೆ ನಿಂತು ಹೇಳಿನೋಡಿದೆವು.

ಮೊದಲನೆಯದು, ಊರಿಗೆಲ್ಲ ಕೇಳುವಂತೆ ಹೇಳುವುದು: "ಮದಕರಿ ನಾಯಕರು ದುರ್ಗ ಆಳುತ್ತಿದ್ದ ಕಾಲ. ಕಿಂಡಿಯ ಕಾವಲಿಗೆ ಮುದ್ದಹನುಮನಿದ್ದ. ಅವನ ಹೆಂಡತಿ ಓಬವ್ವ. ಹೈದರಾಲಿಯ ದಂಡು ಕೋಟೆಯ ಸುತ್ತ ಬೀಡುಬಿಟ್ಟಿತ್ತು. ಒಂದು ಮಧ್ಯಾಹ್ನ ಓಬವ್ವ ನೀರಿಗೆ ಹೋದಳು."

ಎರಡನೆಯದು, ಕಿಂಡಿಯ ಪಕ್ಕದಲ್ಲೇ ನಿಂತು: "ಬಂಡೆ ಬಿಸಿಯಿತ್ತು. ಅಂಗೈ ಊರಿ ಕಿವಿ ಕೊಟ್ಟಳು. ಒಳಗೆ ಬಟ್ಟೆ ಕಲ್ಲಿಗೆ ಸವರುವ ಸದ್ದು. ನಿಂತಿತು. ಮತ್ತೆ ಸವರಿತು. ಒನಕೆ ಹಿಡಿದ ಕೈ ಬೆವರಿ ಜಾರಿತು. ಸೆರಗಿಗೆ ಒರೆಸಿಕೊಂಡಳು. ಒಂದು ಉಸಿರು ಹತ್ತಿರ ಬಂತು. ಅವಳದ್ದಲ್ಲ."

ಮೂರನೆಯದು, ಮನೆಯ ಒಳಗಿಂದ, ಎಲ್ಲ ಮುಗಿದ ಮೇಲೆ: "ಮುದ್ದಹನುಮನ ತಟ್ಟೆಯಲ್ಲಿ ಮುದ್ದೆ ಒಣಗಿತ್ತು. ಪಕ್ಕದ ಮನೆಯಾಕೆ ಬಂದು ತಟ್ಟೆ ಎತ್ತಿದಳು. ಒರಳಲ್ಲಿ ಅರ್ಧ ಕುಟ್ಟಿದ ನವಣೆ ಹಾಗೇ ಇತ್ತು. ಕುಟ್ಟಲು ಒನಕೆ ಇರಲಿಲ್ಲ. ತಂದುಕೊಡಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ."

ಮೂರರಲ್ಲೂ ಘಟನೆ ಅದೇ. ಮೊದಲನೆಯದರಲ್ಲಿ ಓಬವ್ವ ಚರಿತ್ರೆಗೆ ಸೇರಿದವಳು. ಎರಡನೆಯದರಲ್ಲಿ ಅವಳು ಹೆದರಿದ ಒಬ್ಬ ಹೆಂಗಸು. ಮೂರನೆಯದರಲ್ಲಿ ಅವಳೇ ಇಲ್ಲ, ಅವಳು ಬಿಟ್ಟುಹೋದ ಕೆಲಸ ಇದೆ. ಯಾವುದು ಸರಿ ಎಂದು ಕೇಳಿದರೆ ಅರ್ಥವಿಲ್ಲ. ಯಾವ ಕಡೆ ನಿಂತರೆ ಏನು ಕಾಣುತ್ತದೆ ಎಂದು ಕೇಳಬೇಕು. ಲೆ ಗ್ವಿನ್ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುವಾಗ ಮಾಡುವ ಕೆಲಸ ಇದೇ. "ಹಂಗಾದ್ರ ಅಟುವಾನ್ ಎರಡನೇದು ಮೇಡಂ" ಎಂದಳು ಆ ಹುಡುಗಿ. ಪುಸ್ತಕವನ್ನು ಮತ್ತೆ ಒಯ್ದಳು.

ಮೂರನೆಯ ರೀತಿಯ ದನಿಗೆ ಲೆ ಗ್ವಿನ್ ಬಂದದ್ದು ಬಹಳ ತಡವಾಗಿ. 1972ರ 'ದಿ ಫಾರ್ದೆಸ್ಟ್ ಶೋರ್' ಕಾದಂಬರಿಯಲ್ಲಿ ಅರ್ಥ್‌ಸೀಯ ಮೊದಲ ಮೂರು ಪುಸ್ತಕ ಮುಗಿದವು. ಅದರಲ್ಲಿ ಲೋಕದ ಮಂತ್ರಶಕ್ತಿ ಸೋರಿಹೋಗುತ್ತಿದೆ, ಹಾಡುವವರು ಹಾಡು ಮರೆಯುತ್ತಿದ್ದಾರೆ. ವಯಸ್ಸಾದ ಗೆಡ್ ಅದನ್ನು ತಡೆಯಲು ಸತ್ತವರ ನಾಡಿಗೆ ಹೋಗಿ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತಾನೆ. ಸಾವಿನ ಬಗ್ಗೆ ಬರೆದ ಪುಸ್ತಕ ಅದು. ಗಂಭೀರವಾಗಿದೆ, ಒಳ್ಳೆಯದಿದೆ, ಆದರೆ ಮಧ್ಯೆ ಸ್ವಲ್ಪ ಎಳೆಯುತ್ತದೆ.

ಆಮೇಲೆ 18 ವರ್ಷ. 1990ರಲ್ಲಿ 'ಟೆಹಾನು' ಬಂತು. ಟೆನಾರ್ ಈಗ ನಡುವಯಸ್ಸಿನ ವಿಧವೆ. ರೈತನನ್ನು ಮದುವೆಯಾಗಿ, ಎರಡು ಮಕ್ಕಳನ್ನು ಬೆಳೆಸಿದ್ದಾಳೆ. ಮನುಷ್ಯರೇ ಹಿಂಸಿಸಿ ಬೆಂಕಿಗೆ ತಳ್ಳಿದ ಒಂದು ಮಗುವನ್ನು ತಂದು ಸಾಕುತ್ತಿದ್ದಾಳೆ. ಗೆಡ್ ಡ್ರ್ಯಾಗನ್ ಬೆನ್ನ ಮೇಲೆ ಅವಳಿರುವ ದ್ವೀಪಕ್ಕೆ ಬರುತ್ತಾನೆ, ಆದರೆ ಈಗ ಅವನಿಗೆ ಒಂದು ಮಂತ್ರವೂ ಬಾರದು. ಶಕ್ತಿ ಇಲ್ಲದ ಗಂಡಸು ಯಾರು ಎಂದು ಅವನಿಗೇ ಗೊತ್ತಿಲ್ಲ. ನಾಚಿಕೆಯಿಂದ ಬೆಟ್ಟಕ್ಕೆ ಹೋಗಿ ಆಡು ಕಾಯುತ್ತಾನೆ. ಹಡಗಿನಿಂದ ಮನೆಗೆ ಮರಳಿದ ಟೆನಾರ್‌ಳ ಮಗ ಮನೆಗೆಲಸ ಹೆಂಗಸರದು ಎಂದು ಕೂರುತ್ತಾನೆ.

ಹಳೆಯ ಓದುಗರು ಅನೇಕರು ಸಿಟ್ಟಾದರು. ನಮ್ಮ ಮಹಾ ಮಾಂತ್ರಿಕನನ್ನು ಹೀಗೆ ಮಾಡಿದಿರಲ್ಲ ಎಂದು. ನನಗೆ ಇದು ನಾಲ್ಕರಲ್ಲಿ ಅತಿ ಧೈರ್ಯದ ಪುಸ್ತಕ. ತಾನೇ ಕಟ್ಟಿದ ಲೋಕಕ್ಕೆ ಲೇಖಕಿ ಮರಳಿ ಬಂದು ಕೇಳುತ್ತಾರೆ: ಮಾಂತ್ರಿಕರ ಶಾಲೆಯಲ್ಲಿ ಯಾಕೆ ಬರೀ ಗಂಡಸರು? ಹಳ್ಳಿಯ ಮಾಟಗಾತಿಯ ವಿದ್ಯೆಯನ್ನು ಯಾಕೆ ಕೀಳು ಎಂದರು? ಹಾಗೆ ಬರೆದವಳು ನಾನೇ ತಾನೆ? ಹಳೆಯ ಪುಸ್ತಕಗಳ ಒಂದು ಸಾಲನ್ನೂ ಅವರು ತಿದ್ದಲಿಲ್ಲ. ನಿಂತ ಜಾಗ ಬದಲಿಸಿದರು. ಬೆಟ್ಟದ ತುದಿಯಿಂದ ಅಡುಗೆಮನೆಗೆ ಇಳಿದರು. ಅಲ್ಲಿಂದ ನೋಡಿದರೆ ಅದೇ ಲೋಕ ಬೇರೆಯೇ ಕಾಣುತ್ತದೆ. ವಾಕ್ಯವೂ ಬದಲಾಯಿತು. ಗತ್ತು ಹೋಯಿತು. ಹೆಂಗಸರು ಕೆಲಸ ಮಾಡುತ್ತಾ ಆಡುವ ಮಾತು, ಅರ್ಧಕ್ಕೆ ನಿಲ್ಲುವ ಮಾತು ಬಂತು. ಕೆಲವು ಕಡೆ ಲೇಖಕಿಯ ವಾದವೇ ಕಥೆಗಿಂತ ಮುಂದೆ ಓಡುತ್ತದೆ, ನಿಜ. ಆದರೆ ಆ ಸುಟ್ಟ ಮಗು ಕಿಟಕಿಯ ಬಳಿ ಸುಮ್ಮನೆ ಕೂತಿರುವ ಪುಟಗಳನ್ನು ಓದಿದವರು ಆ ದೋಷವನ್ನು ದೊಡ್ಡದು ಮಾಡುವುದಿಲ್ಲ.

ಇಷ್ಟು ಹೊತ್ತು ಒಂದೇ ಸರಣಿಯಲ್ಲಿ ಇದ್ದೆವು. ಹೊರಗೆ ಬಂದರೆ ಇನ್ನೂ ಅಚ್ಚರಿ ಇದೆ.

1969ರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ವಿಜ್ಞಾನ ಕಥೆ. ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿ ಪಡೆದದ್ದು. ಹಿಮ ತುಂಬಿದ ಒಂದು ಗ್ರಹ. ಅಲ್ಲಿಯ ಜನ ಹೆಣ್ಣೂ ಅಲ್ಲ, ಗಂಡೂ ಅಲ್ಲ. ತಿಂಗಳಲ್ಲಿ ಕೆಲವು ದಿನ ಮಾತ್ರ ಎರಡರಲ್ಲಿ ಒಂದಾಗುತ್ತಾರೆ. ಹೊರಗಿನಿಂದ ಬಂದ ರಾಯಭಾರಿಯೊಬ್ಬ ತನ್ನ ವರದಿ ಬರೆಯುತ್ತಾನೆ. ಅದರ ನಡುನಡುವೆ ಆ ನಾಡಿನ ದಂತಕಥೆಗಳು, ಹಿಂದೆ ಬಂದುಹೋದ ಸಂಶೋಧಕರ ಟಿಪ್ಪಣಿ, ಅಲ್ಲಿಯ ಮಂತ್ರಿಯಾಗಿದ್ದ ಎಸ್ಟ್ರಾವೆನ್‌ನ ದಿನಚರಿ. ಅಪ್ಪನ ಮಾನವಶಾಸ್ತ್ರ ಇಲ್ಲಿ ಕಾದಂಬರಿಯ ಆಕಾರವೇ ಆಗಿದೆ. ಕೊನೆಯ ಭಾಗದಲ್ಲಿ ರಾಯಭಾರಿ ಮತ್ತು ಎಸ್ಟ್ರಾವೆನ್ ಇಬ್ಬರೇ ಹಿಮನದಿ ದಾಟುತ್ತಾರೆ. ಆ ಪಯಣವನ್ನು ಕೆಲವು ಅಧ್ಯಾಯ ಇವನು, ಕೆಲವು ಅವನು ಹೇಳುತ್ತಾರೆ. ಒಂದೇ ಗುಡಾರದಲ್ಲಿ ಮಲಗುವ ಇಬ್ಬರು ಒಬ್ಬರನ್ನೊಬ್ಬರು ಎಷ್ಟು ತಪ್ಪು ತಿಳಿದಿದ್ದರು ಎಂದು ಓದುವ ನಮಗೆ ಮಾತ್ರ ಎರಡೂ ಕಡೆಯಿಂದ ಕಾಣುತ್ತದೆ. ಆ ಜನರನ್ನೆಲ್ಲ 'ಅವನು' ಎಂದೇ ಬರೆದದ್ದಕ್ಕೆ ಲೆ ಗ್ವಿನ್ ಟೀಕೆ ಎದುರಿಸಿದರು. ಮೊದಲು ಒಂದು ಪ್ರಬಂಧ ಬರೆದು ಸಮರ್ಥಿಸಿಕೊಂಡರು. ವರ್ಷಗಳ ನಂತರ ತಮ್ಮ ಅದೇ ಪ್ರಬಂಧದ ಪಕ್ಕದಲ್ಲಿ ಟಿಪ್ಪಣಿ ಸೇರಿಸಿ, ಮನಸ್ಸು ಬದಲಾಗಿದೆ ಎಂದು ಬರೆದರು.

1974ರ 'ದಿ ಡಿಸ್‌ಪೊಸೆಸ್ಡ್' ಎರಡು ಲೋಕಗಳ ನಡುವೆ ಅಧ್ಯಾಯ ಬಿಟ್ಟು ಅಧ್ಯಾಯ ಓಡಾಡುತ್ತದೆ. ಆಸ್ತಿಯೇ ಇಲ್ಲದ ಬಡ ಲೋಕ ಒಂದು, ಎಲ್ಲ ಇರುವ ಶ್ರೀಮಂತ ಲೋಕ ಒಂದು. ಬಡ ಲೋಕದ ವಾಕ್ಯಗಳು ಒಣಗಿವೆ, ನೇರ ಇವೆ. ಶ್ರೀಮಂತ ಲೋಕದವು ಬಟ್ಟೆ, ಊಟ, ಹುಲ್ಲು, ಮಳೆಯಿಂದ ತುಂಬಿವೆ. ಓದುವಾಗ ಬಾಯಾರಿಕೆ ಆಗಿ, ಆಮೇಲೆ ನೀರು ಸಿಕ್ಕ ಅನುಭವ.

1985ರ 'ಆಲ್ವೇಸ್ ಕಮಿಂಗ್ ಹೋಮ್' ಕಾದಂಬರಿಯೋ ಅಲ್ಲವೋ ಎಂದು ಇವತ್ತಿಗೂ ಚರ್ಚೆ. ಬಹಳ ದೂರದ ಭವಿಷ್ಯದಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಣಿವೆಯಲ್ಲಿ ಬದುಕಲಿರುವ ಕೆಶ್ ಎಂಬ ಜನರ ಹಾಡು, ನಾಟಕ, ಅಡುಗೆ ವಿಧಾನ, ನಕ್ಷೆ, ಪದಕೋಶ ಎಲ್ಲ ಇದರಲ್ಲಿವೆ. ಅವರ ಸಂಗೀತದ ಕ್ಯಾಸೆಟ್ಟನ್ನೂ ಜೊತೆಗೆ ಕೊಟ್ಟಿದ್ದರು! ಇಲ್ಲದ ಜನರ ಜನಪದ ಸಾಹಿತ್ಯವನ್ನು ಒಬ್ಬರೇ ಕೂತು ಬರೆದಿದ್ದಾರೆ.

ಇನ್ನು 2008ರ 'ಲವೀನಿಯಾ'. ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯದಲ್ಲಿ ಲವೀನಿಯಾ ಎಂಬ ರಾಜಕುಮಾರಿ ಬರುತ್ತಾಳೆ. ಅವಳಿಗಾಗಿ ಯುದ್ಧ ನಡೆಯುತ್ತದೆ. ಆದರೆ ಅವಳು ಇಡೀ ಕಾವ್ಯದಲ್ಲಿ ಒಂದು ಮಾತೂ ಆಡುವುದಿಲ್ಲ. ಅವಳ ಕೆನ್ನೆ ಕೆಂಪಾಗುತ್ತದೆ, ಅಷ್ಟೇ. 79ರ ಹತ್ತಿರದ ವಯಸ್ಸಿನಲ್ಲಿ ಲೆ ಗ್ವಿನ್ ಅವಳಿಗೆ ಬಾಯಿ ಕೊಟ್ಟರು. ತಾನು ಒಬ್ಬ ಕವಿಯ ಸೃಷ್ಟಿ ಎಂದು ಈ ಲವೀನಿಯಾಗೆ ಗೊತ್ತು. ಸಾಯುತ್ತಿರುವ ಆ ಕವಿಯ ನೆರಳಿನ ಜೊತೆ ಪವಿತ್ರವಾದ ಒಂದು ಕಾಡಿನಲ್ಲಿ ಮಾತಾಡುತ್ತಾಳೆ. ಅವಳನ್ನು ತಾನು ಸರಿಯಾಗಿ ತಿಳಿದುಕೊಳ್ಳಲೇ ಇಲ್ಲ ಎಂದು ಆ ಕವಿಯೇ ಒಪ್ಪಿಕೊಳ್ಳುತ್ತಾನೆ. ದನಿ ಶಾಂತ, ಬಳಸಿದ ಮಾತು ಸರಳ. ಅರ್ಥ್‌ಸೀಯಲ್ಲಿ ಶುರುವಾದದ್ದು ಇಲ್ಲಿ ಹಣ್ಣಾಗಿದೆ.

ಎಲ್ಲವೂ ಒಂದೇ ಎತ್ತರದಲ್ಲಿಲ್ಲ ಎಂಬುದನ್ನೂ ಹೇಳಬೇಕು. 1972ರ 'ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್' ವಿಯೆಟ್ನಾಂ ಯುದ್ಧದ ಸಿಟ್ಟಿನಲ್ಲಿ ಬರೆದದ್ದು. ಅದರ ಖಳನಾಯಕ ಪೂರ್ತಿ ಕೆಟ್ಟವನು, ಒಳಗೆ ಏನೂ ಇಲ್ಲ. ಅಲ್ಲಿ ಉಪದೇಶದ ಆಸೆಗೆ ತಾನು ಬಿದ್ದೆ ಎಂದು ಲೆ ಗ್ವಿನ್ ಅವರೇ ಬರೆದುಕೊಂಡಿದ್ದಾರೆ. ನಿಲ್ಲಲು ಒಂದೇ ಜಾಗ ಸಿಕ್ಕಾಗ, ಅದೂ ಪೀಠದ ಮೇಲೆ ಸಿಕ್ಕಾಗ, ಅವರ ವಾಕ್ಯವೂ ಮೊಂಡಾಗುತ್ತದೆ.

ಇಷ್ಟು ದನಿಗಳ ನಡುವೆ ಬದಲಾಗದೇ ಉಳಿದದ್ದು ಯಾವುದು? ಅವರ ಕಥೆಗಳು ದೊಡ್ಡ ಯುದ್ಧದಲ್ಲಿ ಗೆದ್ದು ಮುಗಿಯುವುದು ಅಪರೂಪ. ಗೆಡ್ ತನ್ನ ನೆರಳನ್ನು ಕೊಲ್ಲುವುದಿಲ್ಲ. ಅದಕ್ಕೆ ತನ್ನದೇ ಹೆಸರಿಟ್ಟು ಕರೆದು ಒಳಗೆ ಸೇರಿಸಿಕೊಳ್ಳುತ್ತಾನೆ. ಟೆನಾರ್ ಗವಿಯಿಂದ ಹೊರಗೆ ಬರುತ್ತಾಳೆ, ಆದರೆ ಬಿಡುಗಡೆಯ ಭಾರಕ್ಕೆ ಅಳುತ್ತಾಳೆ. ಮಾಡಬಲ್ಲೆ ಎಂಬ ಕಾರಣಕ್ಕೆ ಮಾಡಬೇಡ ಎಂಬ ಮಾತು ಎಲ್ಲ ಪುಸ್ತಕದ ತಳದಲ್ಲೂ ಹರಿಯುತ್ತದೆ. ಚೀನಾದ ಹಳೆಯ ಕಾಲದ ಚಿಂತಕ ಲಾವೋ ತ್ಸು ಎಂದರೆ ಲೆ ಗ್ವಿನ್ ಅವರಿಗೆ ಚಿಕ್ಕಂದಿನಿಂದ ಪ್ರಿಯ. 1997ರಲ್ಲಿ ಆ ಚಿಂತಕನ 'ತಾವೊ ತೆ ಚಿಂಗ್' ಗ್ರಂಥವನ್ನು ತಮ್ಮದೇ ಇಂಗ್ಲಿಷ್‌ನಲ್ಲಿ ಹೊರತಂದರು. ಬೆಣಚುಕಲ್ಲಿನ ಪಾಠ ಅಲ್ಲಿಂದ ಬಂದದ್ದು.

ಕಸುಬು ಕಲಿಯಬೇಕೆನ್ನುವವರಿಗೆ ಅವರು 'ಸ್ಟೀರಿಂಗ್ ದಿ ಕ್ರಾಫ್ಟ್' ಎಂಬ ಕೈಪಿಡಿಯನ್ನೂ ಬರೆದಿದ್ದಾರೆ, 1998ರಲ್ಲಿ. ಅದರ ಅಭ್ಯಾಸಗಳು ಕನ್ನಡಕ್ಕೂ ಹೊಂದುತ್ತವೆ. ಒಂದು ಅಭ್ಯಾಸದಲ್ಲಿ ಒಂದು ಪುಟದ ವರ್ಣನೆ ಬರೆಯಬೇಕು, ಆದರೆ ಒಂದೂ ವಿಶೇಷಣ ಇರಬಾರದು. ದುರ್ಗದ ಕೋಟೆಯನ್ನು 'ಭವ್ಯ', 'ಬೃಹತ್', 'ಐತಿಹಾಸಿಕ' ಇಲ್ಲದೇ ಬರೆದುನೋಡಿ. ಮೊದಲ ಐದು ನಿಮಿಷ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಆಮೇಲೆ ಕ್ರಿಯಾಪದಗಳು ಎದ್ದು ಬರುತ್ತವೆ. ಬಂಡೆ ವಾಲುತ್ತದೆ, ಮೆಟ್ಟಿಲು ಸವೆಯುತ್ತದೆ, ಕೋತಿ ಚೀಲ ಕಿತ್ತುಕೊಳ್ಳುತ್ತದೆ. ಬರೆದದ್ದನ್ನು ಜೋರಾಗಿ ಓದಿ ಎಂದು ಅವರು ಮತ್ತೆ ಮತ್ತೆ ಹೇಳುತ್ತಾರೆ. ನಮ್ಮ ಗುಂಪಿನಲ್ಲಿ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರೇ ಹೆಚ್ಚು. ಇಂಗ್ಲಿಷ್ ಪುಟ ನಿಧಾನಕ್ಕೆ ಸಾಗುತ್ತದೆ, ಒಬ್ಬರು ಓದಿದರೆ ಉಳಿದವರು ಕೇಳುತ್ತಾರೆ. ಲೆ ಗ್ವಿನ್ ವಿಷಯದಲ್ಲಿ ಅದರಿಂದ ಲಾಭವೇ ಆಗಿದೆ. ಬೇಗ ಓದುವವರಿಗೆ ಕಥೆ ಮಾತ್ರ ಸಿಗುತ್ತದೆ, ದನಿ ತಪ್ಪಿಹೋಗುತ್ತದೆ.

ಎಲ್ಲಿಂದ ಶುರು ಮಾಡೋದು ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟು. ಅರ್ಥ್‌ಸೀಯ ಮೊದಲೆರಡನ್ನು ಒಂದರ ಹಿಂದೆ ಒಂದು ಓದಿ, ನಡುವೆ ಬೇರೆ ಪುಸ್ತಕ ಬೇಡ. ಬದಲಾವಣೆ ಕಿವಿಗೆ ಬೀಳುವುದು ಹಾಗೆ ಓದಿದಾಗಲೇ. ಮೂರನೆಯದು ಆದ ಮೇಲೆ 'ಟೆಹಾನು'ಗೆ ತಕ್ಷಣ ಹೋಗಬೇಡಿ. ಲೇಖಕಿ ಕೊಟ್ಟ 18 ವರ್ಷ ಬೇಡ, ಒಂದಷ್ಟು ತಿಂಗಳಾದರೂ ಬಿಡಿ. ಕಾಲೇಜಿನ ಮಕ್ಕಳಿಗೆ ಕೊಡುವುದಾದರೆ 2006ರ 'ವಾಯ್ಸಸ್' ಒಳ್ಳೆಯ ಬಾಗಿಲು. ಓದುಬರಹವನ್ನೇ ನಿಷೇಧಿಸಿದ ದಾಳಿಕೋರರ ಊರಿನಲ್ಲಿ, ಒಂದು ಮನೆಯೊಳಗೆ ಬಚ್ಚಿಟ್ಟ ಗ್ರಂಥಾಲಯವನ್ನು ಕಾಯುವ ಹುಡುಗಿಯ ಕಥೆ ಅದು. 'ಲೆಫ್ಟ್ ಹ್ಯಾಂಡ್' ಮೊದಲ ಐವತ್ತು ಪುಟ ಗಟ್ಟಿ ಅನ್ನಿಸುತ್ತದೆ, ಹೆಸರುಗಳು ತೊಡರುತ್ತವೆ. ಅಷ್ಟು ದಾಟಿ ಹಿಮನದಿಯ ತನಕ ಹೋದರೆ ಕೈಬಿಡಲು ಆಗುವುದಿಲ್ಲ. 'ಆಲ್ವೇಸ್ ಕಮಿಂಗ್ ಹೋಮ್' ಕೊನೆಗಿರಲಿ. ಅದನ್ನು ಮೊದಲ ಪುಟದಿಂದಲೇ ಓದಬೇಕೆಂದೇನೂ ಇಲ್ಲ. ಹಿಂದಿನ ಭಾಗದ ಅಡುಗೆಯಿಂದಲೋ ಹಾಡಿನಿಂದಲೋ ಒಳಗೆ ಹೋಗಬಹುದು.